ಸುರ್ಮಾ ಡಬ್ಬಿ

ಸ್ಟರ್ಲಿಂಗ್, ವರ್ಜೀನಿಯಾ
ಫೆಬ್ರುವರಿ ೬, ೨೦೨೩

ತಾಹಿರಾ,

ನಿನ್ನ ಕಿವಿಗೆ ಫೋನ್ ಕೇಳಿಸುವುದಿಲ್ಲ, ನಾನು ಫೋನಿನಲ್ಲಿ ಕೂಗಾಡುವುದು ನನ್ನ ಸೊಸೆಗೆ ಆಗುವುದಿಲ್ಲ. ಹಾಗಾಗಿ ಕಾಗದ. ಮೈಸೂರಿನ ಒಂದೇ ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕುಳಿತು, ನಾನು ಕನ್ನಡ ನೀನು ವಿಜ್ಞಾನ ಎಂದು ಮಕ್ಕಳನ್ನು ಹಂಚಿಕೊಂಡು ಗೋಳುಹೊಯ್ದುಕೊಂಡವರು ನಾವು. ಈಗ ಒಬ್ಬೊಬ್ಬರು ಒಂದೊಂದು ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಐದು ಗಂಟೆ ಡ್ರೈವ್ ದೂರದಲ್ಲಿದ್ದೇವೆ. ಡ್ರೈವ್ ಮಾತ್ರ ಇಬ್ಬರಿಗೂ ಬರುವುದಿಲ್ಲ.

ನಿನ್ನೆ ನಮ್ಮ ಮನೆಗೆ ಬೆಂಕಿ ಬಿತ್ತೆಂದು ಪಕ್ಕದ ಮನೆಯವರು ಓಡಿ ಬಂದರು. ಬೆಂಕಿಯಲ್ಲ ಮಾರಾಯ್ತಿ, ಕಾಡಿಗೆ. ಅನ್ವಿತ್‌ಗೆ ಐದು ತಿಂಗಳಾಯಿತು, ಕಣ್ಣು ಇನ್ನೂ ಬೋಳು. ಅಂಗಡಿಗೆ ಹೋದರೆ ಬಿಳಿ ಹೆಂಗಸರೆಲ್ಲ ನಿಂತು "ಸೋ ಬ್ಯೂಟಿಫುಲ್" ಎಂದು ಹೊಗಳುತ್ತಾರೆ. ಅಷ್ಟೊಂದು ಹೊಗಳಿಸಿಕೊಂಡು ಒಂದು ದೃಷ್ಟಿಬೊಟ್ಟೂ ಇಲ್ಲದೆ ಮಗು ಮನೆಗೆ ಬರುತ್ತದೆ. ನನಗೆ ಮಂಡೆಬಿಸಿ. ಅದಕ್ಕೆ ಅಡುಗೆಮನೆಯಲ್ಲಿ ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ನಮ್ಮ ಕುಂದಾಪುರದ ಕಡೆ ಅಜ್ಜಿ ಮಾಡುತ್ತಿದ್ದ ಹಾಗೆ ಕುಳಿತೆ. ಸೂರಿನಲ್ಲಿದ್ದ ಹೊಗೆಯ ಅಲಾರಂ ಬಡಿದುಕೊಂಡಿತು.

"ಅಮ್ಮಾ, ಇನ್ನೊಂದ್ಸಲ ಹೀಗೆ ಮಾಡಿದ್ರೆ ಫೈರ್ ಟ್ರಕ್ಕೇ ಬರುತ್ತೆ," ಎಂದ ಅಕ್ಷಯ್. ಸೊಸೆ ದೀಕ್ಷಿತಾ ಮೆಲ್ಲಗೇ ಹೇಳಿದಳು: "ಅತ್ತೆ, ಕಣ್ಣಿಗೆ ಏನೂ ಹಾಕ್ಬೇಡಿ ಅಂತ ಪೀಡಿಯಾಟ್ರಿಷನ್ ಹೇಳಿದಾರೆ." ಸರಿ ಎಂದೆ. ನಾನು ಸರಿ ಎಂದರೆ ಬಿಟ್ಟೆ ಎಂದು ಅರ್ಥವಲ್ಲ, ನಿನಗೆ ಗೊತ್ತು.

ಇನಾಯಾಳಿಗೆ ವರ್ಷ ತುಂಬಿತಲ್ಲ, ಹೇಗಿದ್ದಾಳೆ?

ನಿನ್ನ
ಚಂದ್ರಾವತಿ


ಮಾರಿಸ್‌ವಿಲ್, ನಾರ್ತ್ ಕ್ಯಾರೊಲಿನಾ
ಫೆಬ್ರುವರಿ ೨೦, ೨೦೨೩

ಪ್ರೀತಿಯ ಚಂದ್ರಾ,

ನಿನ್ನ ಕಾಡಿಗೆಯ ಕಥೆ ಓದಿ ನಗುತ್ತಿದ್ದೆ, ಮಗ ಮುಜಮ್ಮಿಲ್ "ಏನಮ್ಮಿ" ಎಂದ. ಏನಿಲ್ಲ ಎಂದು ಕಾಗದ ಮಡಚಿಟ್ಟೆ. ಅಂಚೆ ಡಬ್ಬಿಯ ಬೀಗದ ಕೈ ನನ್ನ ಬಳಿಯೇ ಇದೆ. ದಿನಾ ಬೀದಿಯ ಕೊನೆಯವರೆಗೆ ನಡೆದು ಹೋಗಿ ತರುವುದು ನನ್ನ ಕೆಲಸ, ಆದ್ದರಿಂದ ಏನು ಬೇಕಾದರೂ ಬರೆ.

ಇನಾಯಾಳಿಗೆ ವರ್ಷದ ತಪಾಸಣೆ ಆಯಿತು. ಇಲ್ಲಿ ವರ್ಷ ತುಂಬಿದ ಮಕ್ಕಳ ಬೆರಳು ಚುಚ್ಚಿ ರಕ್ತದಲ್ಲಿ ಸೀಸ ಇದೆಯೇ ಎಂದು ನೋಡುತ್ತಾರೆ. ಸೀಸ ಕಣೆ, ಲೋಹಗಳ ಪಾಠದಲ್ಲಿ ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದ ಸೀಸ. ಮೂರೂವರೆಯ ಒಳಗೆ ಇರಬೇಕಂತೆ, ಇವಳದು ಹನ್ನೊಂದು. ಹೆಚ್ಚಾದರೆ ಮಕ್ಕಳ ಬುದ್ಧಿ ಮಂಕಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದರು. ಸೊಸೆ ಉಮೈಮಾ ಕಾರಿನಲ್ಲಿ ಅತ್ತಳು.

ನರ್ಸ್ ಒಂದು ಪಟ್ಟಿ ಓದಿದಳು. ಹಳೆಯ ಬಣ್ಣ ಇದೆಯೇ, ನಲ್ಲಿ ಯಾವುದು, ಆಟಿಕೆ ಎಲ್ಲಿಂದ. ಕೊನೆಗೆ, ಮಗುವಿಗೆ ಕಣ್ಣಿನ ಮೇಕಪ್ ಮಾಡುತ್ತೀರಾ ಎಂದಳು. ಉಮೈಮಾ ಅಳುವಿನ ನಡುವೆಯೂ ನಕ್ಕು, "ಶೀ ಈಸ್ ಒನ್," ಎಂದಳು. ನಾನೂ ಇಲ್ಲವೆಂದು ತಲೆಯಾಡಿಸಿದೆ. ಮೇಕಪ್ ಎಂದರೆ ಮದುವೆಗೆ ಬಳಿದುಕೊಳ್ಳುವುದು. ನಾನು ಹಚ್ಚುವುದು ಸುರ್ಮಾ. ಇವರು ಹಜ್‌ಗೆ ಹೋದಾಗ ತಂದದ್ದು, ಬಾದಾಮಿಯ ಆಕಾರದ ಹಿತ್ತಾಳೆ ಡಬ್ಬಿ, ನೀನು ನೋಡಿದ್ದೀಯ. ಉಮೈಮಾಳಿಗೆ ಇಷ್ಟವಿಲ್ಲ. ಬೆಳಿಗ್ಗೆ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಹಚ್ಚಿ, ಐದು ಗಂಟೆಗೆ ಮೊದಲು ಕೊಬ್ಬರಿ ಎಣ್ಣೆಯಲ್ಲಿ ಒರೆಸಿಬಿಡುತ್ತೇನೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ನಲ್ಲಿ ನೀರಿನ ದೋಷ ಇರಬೇಕು ಎಂದು ಎಲ್ಲರೂ ಅನ್ನುತ್ತಿದ್ದಾರೆ.

ತಾಹಿರಾ


ಸ್ಟರ್ಲಿಂಗ್
ಮಾರ್ಚ್ ೩, ೨೦೨೩

ತಾಹಿರಾ,

ಹೆದರಿಸಲು ಬರೆಯುತ್ತಿಲ್ಲ, ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ. ಭಾನುವಾರ ಕನ್ನಡದವರ ಊಟದಲ್ಲಿ ಸಿದ್ದೇಶ್ವರಿ ಎಂಬವರು ಹೇಳಿದ್ದು. ಅಟ್ಲಾಂಟಾದಲ್ಲಿ ನಮ್ಮವರದೇ ಒಂದು ಮಗು. ಹುಟ್ಟುವಾಗ ನಮ್ಮ ಮಕ್ಕಳ ಬೆನ್ನ ಮೇಲೆ ನೀಲಿ ಕಲೆ ಇರುತ್ತದಲ್ಲ, ಅದನ್ನು ಯಾರೋ ನೋಡಿ ಮಗುವಿಗೆ ಹೊಡೆದಿದ್ದಾರೆ ಎಂದು ದೂರು ಕೊಟ್ಟರಂತೆ. ಸರ್ಕಾರದವರು ಬಂದು ಮಗುವನ್ನು ಎತ್ತಿಕೊಂಡೇ ಹೋದರಂತೆ. ಹನ್ನೊಂದು ದಿನ ತಾಯಿಗೆ ಮುಖ ತೋರಿಸಲಿಲ್ಲವಂತೆ.

ಯಾರ ಮನೆ ಎಂದು ಕೇಳಿದೆ. ಅವರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ? ಹೊರಗಿನವರ ಎದುರು ಜಾಸ್ತಿ ಬಾಯಿ ಬಿಡಬೇಡ. ನಮ್ಮ ಮನೆಯ ಪದ್ಧತಿ ಇವರಿಗೆ ತಿಳಿಯುವುದಿಲ್ಲ. ತಿಳಿಯದ್ದೆಲ್ಲ ಇಲ್ಲಿ ಅಪರಾಧವೇ.

ಅನ್ವಿತ್ ಈಗ ಬೋರಲು ಬೀಳುತ್ತಾನೆ. ಕಣ್ಣು ಇನ್ನೂ ಬೋಳೇ.

ಚಂದ್ರಾವತಿ


ಮಾರಿಸ್‌ವಿಲ್
ಮಾರ್ಚ್ ೧೪, ೨೦೨೩

ಚಂದ್ರಾ,

ಎರಡನೇ ಸಲ ರಕ್ತ ತೆಗೆದರು. ಹನ್ನೆರಡು. ಬರುವ ವಾರ ಕೌಂಟಿ ಆರೋಗ್ಯ ಇಲಾಖೆಯವರು ಮನೆ ನೋಡಲು ಬರುತ್ತಾರೆ.

ಈ ಪೊಟ್ಟಣದಲ್ಲಿರುವುದು ನಿನ್ನ ಹತ್ತಿರ ಇರಲಿ. ಜೋಪಾನ. ಫೋನಿನಲ್ಲಿ ಯಾರ ಹತ್ತಿರವೂ ಈ ವಿಷಯ ಎತ್ತಬೇಡ. ಯಾರು ಕೇಳಿದರೂ ಇಲ್ಲ ಎನ್ನು.

ತಾಹಿರಾ


ಸ್ಟರ್ಲಿಂಗ್
ಮಾರ್ಚ್ ೨೫, ೨೦೨೩

ನನ್ನ ಚಿನ್ನದಂಥ ತಾಹಿರಾ,

ಪೊಟ್ಟಣ ಬಿಚ್ಚಿದವಳು ಹಾಗೇ ಮೆಟ್ಟಿಲ ಮೇಲೆ ಕುಳಿತೆ. ಪಾಷಾ ಭಾಯಿ ತಂದ ಡಬ್ಬಿ. ಕೋವಿಡ್‌ನ ಎರಡನೇ ಅಲೆಯಲ್ಲಿ ಅವರು ಹೋದಾಗ ನಿನಗೆ ಅವರ ಮುಖವನ್ನೂ ತೋರಿಸಲಿಲ್ಲ ಎಂದು ನೀನು ಅತ್ತದ್ದು ನೆನಪಾಯಿತು. ಅಂಥ ವಸ್ತುವನ್ನು ನನ್ನ ಮೊಮ್ಮಗನ ಬೋಳು ಕಣ್ಣಿಗೆಂದು ಕಳಿಸಿದ್ದೀಯಲ್ಲ. ನಾನು ಅಷ್ಟು ಸಲ ಗೊಣಗಬಾರದಿತ್ತು.

ಮರುದಿನವೇ ಹಚ್ಚಿದೆ. ನಿನ್ನ ಪಾಠದಂತೆಯೇ, ದೀಕ್ಷಿತಾ ಹೋದ ಮೇಲೆ, ಐದರ ಒಳಗೆ ಕೊಬ್ಬರಿ ಎಣ್ಣೆ. ಹಜ್‌ನಿಂದ ಬಂದದ್ದನ್ನು ಶೆಟ್ಟರ ಮನೆಯ ಮಗುವಿಗೆ ಹಚ್ಚಬಹುದೇ ಎಂದು ಯಾರಾದರೂ ಕೇಳಿದರೆ ಕೇಳಲಿ. ನಾನು ಸಣ್ಣವಳಿದ್ದಾಗ ಬೆಚ್ಚಿಬಿದ್ದರೆ ನಮ್ಮಮ್ಮ ಮಸೀದಿಯ ಬಾಗಿಲಿಗೇ ಕರೆದುಕೊಂಡು ಹೋಗಿ ಮೌಲ್ವಿಯಿಂದ ಊದಿಸುತ್ತಿದ್ದಳು.

ಯಾರು ಕೇಳಿದರೂ ಇಲ್ಲ ಎನ್ನುತ್ತೇನೆ. ಮಗು ಈಗ ಬಾಲಕೃಷ್ಣನ ಹಾಗೆ ಕಾಣುತ್ತಾನೆ.

ಚಂದ್ರಾ


ಮಾರಿಸ್‌ವಿಲ್
ಏಪ್ರಿಲ್ ೨, ೨೦೨೩

ಪ್ರೀತಿಯ ಚಂದ್ರಾ,

ನೀನು ಹಚ್ಚುತ್ತಿದ್ದೀಯ ಎಂದು ಓದಿ ಏನು ಬರೆಯಬೇಕೋ ತಿಳಿಯಲಿಲ್ಲ. ದಿನಾ ಬೇಡ. ಶುಕ್ರವಾರ ಒಂದು ಗೆರೆ ಸಾಕು. ಹೆಚ್ಚು ಹಚ್ಚಿದರೆ ಬೇಗ ಮುಗಿದುಹೋಗುತ್ತದೆ.

ಇಲಾಖೆಯ ಹೆಂಗಸು ಬಂದಿದ್ದಳು. ನಾವು ಹೇಳುವ ಮೊದಲೇ ಬಾಗಿಲಲ್ಲಿ ಶೂ ಬಿಚ್ಚಿಟ್ಟಳು. ನಮ್ಮಂಥವರ ಮನೆಗಳಿಗೆ ಇವಳು ಎಷ್ಟು ಸಲ ನುಗ್ಗಿರಬೇಕು ಎಂದುಕೊಂಡೆ. ಸೀಸ ಪತ್ತೆ ಮಾಡುವ, ಕೂದಲು ಒಣಗಿಸುವ ಯಂತ್ರದಂಥದ್ದನ್ನು ಗೋಡೆಗೆ, ಕಿಟಕಿಗೆ, ನನ್ನ ಹಿತ್ತಾಳೆ ಪಾತ್ರೆಗಳಿಗೆ ಹಿಡಿದಳು. ಅರಿಸಿನ, ಧನಿಯಾ ಪುಡಿಗಳನ್ನು ಚೀಲಕ್ಕೆ ಹಾಕಿಕೊಂಡು ಹೆಸರು ಬರೆದಳು. ಏನೇನೋ ತೋರಿಸಿ ಕೇಳಿದಳು, ಎಲ್ಲದಕ್ಕೂ ಇಲ್ಲ ಎಂದೆ.

ಅವಳು ನನ್ನ ಮುಂದೆ ಮಂಡಿಯೂರಿ ಕುಳಿತು ಏನೋ ಹೇಳಿದಳು. ಉಮೈಮಾ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು: "ಅಮ್ಮಿ, ಯಾರ ಮೇಲೂ ತಪ್ಪು ಹಾಕಲ್ವಂತೆ. ನಿಜ ಗೊತ್ತಾದ್ರೆ ಸಾಕಂತೆ." ಅಷ್ಟು ಕೇಳಿಸಿಕೊಂಡ ಮೇಲಂತೂ ನನ್ನ ಬಾಯಿ ಹೊಲಿದ ಹಾಗಾಯಿತು. ನಾವಿಬ್ಬರೂ ಕ್ಲಾಸಿನಲ್ಲಿ ಏನು ಹೇಳುತ್ತಿದ್ದೆವು? ನಿಜ ಹೇಳು, ಹೊಡೆಯಲ್ಲ. ಹೇಳಿದವರಿಗೆ ಏನು ಮಾಡುತ್ತಿದ್ದೆವು? ಮೊದಲು ಕೈ ಚಾಚಿಸುತ್ತಿದ್ದೆವು. ಗ್ರೀನ್ ಕಾರ್ಡಿನ ಮೇಲೆ ಬಂದು ಕುಳಿತ ಮುದುಕಿ ನಾನು. ಅಟ್ಲಾಂಟಾದ ಆ ತಾಯಿಯನ್ನು ನೆನೆದು ಇನಾಯಾಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಹೋಗುವಾಗ ಅವಳು ನನ್ನ ಕೈ ಮುಟ್ಟಿ ಥ್ಯಾಂಕ್ಯೂ ಎಂದಳು.

ತಾಹಿರಾ


ಸ್ಟರ್ಲಿಂಗ್
ಮೇ ೨೮, ೨೦೨೩

ತಾಹಿರಾ,

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ನಾನೇ ಬರೆಯುತ್ತಿದ್ದೇನೆ.

ಅನ್ವಿತ್ ಸ್ವಲ್ಪ ಹಟಮಾರಿಯಾಗಿದ್ದಾನೆ. ಗಂಜಿ ಬಾಯಿಗಿಟ್ಟರೆ ಉಗುಳುತ್ತಾನೆ. ಹೊಟ್ಟೆ ಕಟ್ಟಿ ಮೂರು ಮೂರು ದಿನ ಒದ್ದಾಡುತ್ತಾನೆ. ಹಲ್ಲು ಬರುವ ಕಾಲ, ಅದಕ್ಕೇ ಇರಬೇಕು. ದೀಕ್ಷಿತಾ ಡಾಕ್ಟರಿಗೆ ತೋರಿಸಿದಳು, ಅವರೂ ಹಲ್ಲು ಎಂದರು. ನನಗೆ ಬೇರೆ ಅನುಮಾನ. ಅವನ ಮೇಲೆ ಕಣ್ಣು ಬಿದ್ದಿದೆ. ಶುಕ್ರವಾರ ಮಾತ್ರ ಎಂದು ನೀನು ಬರೆದಿದ್ದೆ, ಆದರೆ ಇಂಥ ಹೊತ್ತಿನಲ್ಲಿ ಬಿಟ್ಟರೆ ಹೇಗೆ? ದಿನಾ ಹಚ್ಚುತ್ತಿದ್ದೇನೆ. ಡಬ್ಬಿಯಲ್ಲಿ ಇನ್ನೂ ಅರ್ಧದ ಮೇಲಿದೆ, ಜಿಪುಣಿ.

ಇನಾಯಾಳ ನಂಬರ್ ಏನಾಯಿತು?

ಚಂದ್ರಾ


ಮಾರಿಸ್‌ವಿಲ್
ಜೂನ್ ೧೯, ೨೦೨೩

ಚಂದ್ರಾ,

ಇನಾಯಾಳದು ಆರಕ್ಕೆ ಇಳಿದಿದೆ. ಎಲ್ಲರಿಗೂ ಖುಷಿ. ಗೋಡೆಯಲ್ಲಿ ಏನೂ ಸಿಗಲಿಲ್ಲ, ನೀರಿನಲ್ಲಿ ಸಿಗಲಿಲ್ಲ, ಅರಿಸಿನದಲ್ಲೂ ಇಲ್ಲ. ಹೇಗೆ ಇಳಿಯಿತೋ ತಿಳಿಯದು ಎಂದು ಮುಜಮ್ಮಿಲ್ ಹೇಳುತ್ತಿದ್ದಾನೆ.

ಆ ಡಬ್ಬಿಯನ್ನು ಮುಚ್ಚಿ ಮೇಲೆ ಎತ್ತಿಡು. ಬೇಸಿಗೆಯಲ್ಲಿ ಸುರ್ಮಾ ಮಕ್ಕಳಿಗೆ ಉಷ್ಣ.

ಇಲ್ಲಿ ವಿಪರೀತ ಸೆಕೆ. ಸಂಜೆ ಮೈದಾನದಲ್ಲಿ ನಮ್ಮ ಹುಡುಗರು ಕ್ರಿಕೆಟ್ ಆಡುತ್ತಾರೆ, ಮಗುವನ್ನು ಕರೆದುಕೊಂಡು ಹೋಗಿ ಕೂರುತ್ತೇನೆ.

ತಾಹಿರಾ


ಸ್ಟರ್ಲಿಂಗ್
ಜುಲೈ ೮, ೨೦೨೩

ತಾಹಿರಾ,

ಬೇಸಿಗೆಯಲ್ಲಿ ಸುರ್ಮಾ ಕಣ್ಣಿಗೆ ತಂಪು ಎಂದು ಏಪ್ರಿಲ್ ಬಂದರೆ ಸಾಕು ಸ್ಟಾಫ್ ರೂಮಿನಲ್ಲಿ ಹಚ್ಚಿಕೊಂಡು ಕೂರುತ್ತಿದ್ದವಳು ನೀನು. ನನಗೂ ಒಂದು ಸಲ ಬಲವಂತವಾಗಿ ಹಚ್ಚಿದ್ದೆ. ಈಗ ಅದು ಉಷ್ಣವಾಯಿತೇ?

ಮೂರು ದಿನ ಯೋಚಿಸಿದೆ. ಒಂದೇ ಅರ್ಥ ಹೊಳೆಯಿತು. ಹಜ್‌ನ ವಸ್ತುವನ್ನು ನಮ್ಮ ಮಗುವಿಗೆ ಕೊಟ್ಟದ್ದು ನಿನಗೆ ಈಗ ಸರಿ ಕಾಣುತ್ತಿಲ್ಲ. ಯಾರಾದರೂ ಏನಾದರೂ ಅಂದರೇ? ಅಲ್ಲಿ ನಿಮ್ಮವರು ಜಾಸ್ತಿ, ಇಲ್ಲಿ ನಮ್ಮವರು ಜಾಸ್ತಿ, ಮೈಸೂರಿನಲ್ಲಿ ಇಲ್ಲದ ಗೆರೆ ಇಲ್ಲಿಗೆ ಬಂದ ಮೇಲೆ ಎಳೆದುಕೊಳ್ಳುವವರನ್ನು ನಾನೂ ನೋಡಿದ್ದೇನೆ. ವಾಪಸ್ ಬೇಕಿದ್ದರೆ ನೇರ ಕೇಳು, ಕಳಿಸುತ್ತೇನೆ. ನನ್ನ ಹತ್ತಿರ ನೆಪ ಹೇಳಬೇಡ. ನನಗೆ ನೋವಾಗಿದೆ.

ಚಂದ್ರಾವತಿ


ಮಾರಿಸ್‌ವಿಲ್
ಆಗಸ್ಟ್ ೪, ೨೦೨೩

ಚಂದ್ರಾ,

ಹಾಗೆ ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ನೀನು ಬೇರೆ ನಾನು ಬೇರೆ ಎಂದು ನಾನು ಯಾವತ್ತು ನೋಡಿದ್ದೇನೆ?

ಡಬ್ಬಿ ನಿನ್ನದೇ. ವಾಪಸ್ ಬೇಡ. ಇನ್ನು ಆ ಮಾತು ಬೇಡ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಬೇರೆ ಇನ್ನೇನೋ ಬರೆಯಬೇಕೆಂದಿದ್ದೆ. ಅನ್ವಿತ್ ಊಟ ಮಾಡುತ್ತಿದ್ದಾನೆಯೇ? ತಿಳಿಸು.

ತಾಹಿರಾ


ಸ್ಟರ್ಲಿಂಗ್
ಸೆಪ್ಟೆಂಬರ್ ೨೧, ೨೦೨೩

ತಾಹಿರಾ,

ಇಷ್ಟು ದಿನ ಬರೆಯಲಾಗಲಿಲ್ಲ. ಅನ್ವಿತ್‌ಗೆ ವರ್ಷ ತುಂಬಿತು. ಅವನ ಬೆರಳನ್ನೂ ಚುಚ್ಚಿದರು. ಮೂವತ್ತೊಂದು.

ಬೆರಳಿನದು ತಪ್ಪಿರಬಹುದು ಎಂದು ತೋಳಿನಿಂದ ತೆಗೆದರು. ಇಬ್ಬರು ಹಿಡಿದುಕೊಳ್ಳಬೇಕಾಯಿತು. ಅದೂ ಮೂವತ್ತೊಂದೇ. ಅವನು ಇನ್ನೂ ಎದ್ದು ನಿಲ್ಲುತ್ತಿಲ್ಲ, ಹೆಸರು ಕರೆದರೆ ಎಲ್ಲೋ ನೋಡುತ್ತಾನೆ. ನಾನು ಇದುವರೆಗೆ ನಿನಗೆ ಬರೆದಿರಲಿಲ್ಲ, ಬರೆದರೆ ನಿಜವಾಗಿಬಿಡುತ್ತದೆ ಎಂದು ಹೆದರಿದ್ದೆ.

ನರ್ಸ್ ಅದೇ ಪಟ್ಟಿ ಓದಿದಳು. ಕಣ್ಣಿಗೆ ಏನಾದರೂ ಹಚ್ಚುತ್ತೀರಾ? ದೀಕ್ಷಿತಾ ನನ್ನ ಕಡೆ ತಿರುಗಿ, "ಇಲ್ಲ ಅಲ್ವಾ ಅತ್ತೆ?" ಎಂದಳು. ನೀನು ಹೇಳಿಕೊಟ್ಟ ಉತ್ತರವನ್ನೇ ಹೇಳಿದೆ. ಇಲ್ಲ.

ಸೋಮವಾರ ಮನೆ ನೋಡಲು ಬರುತ್ತಾರೆ. ಅವರ ಕೈಗೆ ಸಿಕ್ಕಿದರೆ ನಮ್ಮಿಬ್ಬರ ಮನೆಗೂ ತೊಂದರೆ ಎಂದು ಡಬ್ಬಿಯನ್ನು ಈ ಕಾಗದದ ಜೊತೆಗೇ ನಿನಗೆ ಕಳಿಸುತ್ತಿದ್ದೇನೆ. ನನ್ನ ಬಳಿ ಇದ್ದ ನಿನ್ನ ವಿಳಾಸ ಮುಜಮ್ಮಿಲ್ ಹೆಸರಿನಲ್ಲೇ ಇತ್ತು, ಪೊಟ್ಟಣದ ಮೇಲೂ ಹಾಗೇ ಬರೆಸಿದೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಇನಾಯಾಳ ನಂಬರ್ ಇಳಿದದ್ದು ಈ ಡಬ್ಬಿ ನನ್ನ ಮನೆಗೆ ಬಂದ ಮೇಲಲ್ಲವೇ? ನಿನ್ನೆ ಪಾತ್ರೆ ತೊಳೆಯುವಾಗ ಈ ಯೋಚನೆ ಬಂತು. ಆಮೇಲೆ ನನಗೆ ನಾನೇ ಬೈದುಕೊಂಡೆ. ನೀನು ವಿಜ್ಞಾನದ ಮೇಡಂ. ಅದರಲ್ಲಿ ಏನಾದರೂ ಇದ್ದಿದ್ದರೆ ನನಗೆ ಹೇಳದೆ ಇರುತ್ತಿದ್ದೆಯಾ?

ಚಂದ್ರಾ


ಮಾರಿಸ್‌ವಿಲ್
ಸೆಪ್ಟೆಂಬರ್ ೨೫, ೨೦೨೩, ಸೋಮವಾರ

ಚಂದ್ರಾ,

ಇರುತ್ತಿದ್ದೆ. ಹೇಳದೆ ಇದ್ದೆ.

ಇಂದು ಪೊಟ್ಟಣ ಅಂಚೆ ಡಬ್ಬಿಯಲ್ಲಿ ಹಿಡಿಸದೆ ಬಾಗಿಲಿಗೇ ಬಂತು. ಹೆಸರು ಅವನದಿತ್ತು, ಮುಜಮ್ಮಿಲ್ ಒಡೆದ. ತಂದೆಯ ಡಬ್ಬಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಎದುರು ಬಂದು ನಿಂತ. "ಅಮ್ಮಿ, ಇದು ಮೈಸೂರಲ್ಲಿದೆ ಅಂದಿದ್ದೆಯಲ್ಲ?"

ನಿನಗೆ ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ಮಾರ್ಚ್‌ನಲ್ಲಿ ಇಲಾಖೆಯ ಹೆಂಗಸು ಚಿತ್ರಗಳ ಹಾಳೆ ತೋರಿಸಿದಳು. ಅದರಲ್ಲಿ ಸುರ್ಮಾ ಡಬ್ಬಿ ಇತ್ತು, ಹೀಗೇ ಹಿತ್ತಾಳೆಯದು. ಅವಳು ಬೆರಳಿಟ್ಟು ಕೇಳಿದಳು. ಮುಜಮ್ಮಿಲ್, "ಅಬ್ಬಾದು ಒಂದಿತ್ತಲ್ಲ," ಎಂದ. ಮೈಸೂರಿನಲ್ಲೇ ಬಿಟ್ಟು ಬಂದೆ ಎಂದೆ. ಪೇಟೆಯ ಕಲಬೆರಕೆಯಲ್ಲಿ ಸೀಸ ಇರಬಹುದು, ಇವರು ತಂದದ್ದರಲ್ಲಿ ಇರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ಅವರು ಚೀಲಕ್ಕೆ ಹಾಕಿಕೊಂಡು ಹೆಸರು ಬರೆಯುವುದನ್ನು ನೋಡಲಾರೆನಾಗಿದ್ದೆ. ಉಸಿರು ಹೋದ ಮೇಲೆ ಆಸ್ಪತ್ರೆಯವರು ಇವರನ್ನೂ ಹಾಗೆಯೇ ಚೀಲದಲ್ಲಿ ಹಾಕಿ ಹೆಸರು ಬರೆದಿದ್ದರು.

ಅದು ನಿನಗೆ ಉಡುಗೊರೆಯಾಗಿರಲಿಲ್ಲ. ಬಚ್ಚಿಡಲು ಕಳಿಸಿದ್ದೆ. ನೀನು ಅಷ್ಟು ಸಂತೋಷಪಟ್ಟು ಬರೆದ ಮೇಲೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಜೂನ್‌ನಲ್ಲಿ ನಂಬರ್ ಆರಕ್ಕೆ ಇಳಿದ ದಿನ ನನಗೆ ಖಚಿತವಾಗಿ ತಿಳಿಯಿತು. ಹೇಳಿದರೆ ಮಗನಿಗೆ ತಿಳಿಯುತ್ತದೆ, ಸೊಸೆಗೆ ತಿಳಿಯುತ್ತದೆ ಎಂದು ಉಷ್ಣದ ಕಥೆ ಕಟ್ಟಿದೆ. ನೀನು ಮತ ಹಿಡಿದು ಜಗಳಕ್ಕೆ ಬಂದಾಗ, ನಾನು ಅಂಥವಳಲ್ಲ ಎಂದು ತೋರಿಸುವ ಭರದಲ್ಲಿ ಡಬ್ಬಿ ನಿನ್ನದೇ ಎಂದು ಬರೆದೆ. ಹಚ್ಚಬೇಡ ಎಂಬ ಒಂದು ಶಬ್ದ ಬರೆಯಲಿಲ್ಲ. ಅನ್ವಿತ್‌ನ ಮೂರು ತಿಂಗಳು ನನ್ನ ಲೆಕ್ಕಕ್ಕೆ.

ಇದನ್ನೆಲ್ಲ ಈಗಷ್ಟೇ ಮುಜಮ್ಮಿಲ್‌ಗೆ ಹೇಳಿದೆ. ಅವನು ಅಕ್ಷಯ್‌ಗೆ ಫೋನ್ ಮಾಡುತ್ತಿದ್ದಾನೆ. ನಿನ್ನ ಮನೆಗೆ ಬಂದವರಿಗೆ ಇಂದೇ ತಿಳಿಯಬೇಕು. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಎಲ್ಲ ಗೊತ್ತಾಗಿರುತ್ತದೆ. ಆದರೂ ಬರೆಯುತ್ತಿದ್ದೇನೆ, ಅವನು ಏನು ಮಾತಾಡುತ್ತಿದ್ದಾನೋ ನನಗೆ ಕೇಳಿಸುತ್ತಿಲ್ಲ. ಬೆನ್ನು ಮಾತ್ರ ಕಾಣುತ್ತಿದೆ. ಒಂದು ಸಲ ಗೋಡೆಗೆ ಕೈ ಊರಿಕೊಂಡ.

ನಿಜ ಹೇಳಿದ್ದೀಯ, ಹೊಡೆಯಲ್ಲ ಎಂದು ನೀನು ಬರೆಯಬೇಡ ಚಂದ್ರಾ. ಹೊಡಿ.

ಸರ್ಕಾರದವರು ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ನಾನು ಹೆದರಿದ್ದೆ. ಯಾರೂ ಬರಲಿಲ್ಲ. ಇನಾಯಾ ನನ್ನ ತೊಡೆಯ ಮೇಲೆ ಕುಳಿತು ಈ ಪೆನ್ನು ಎಳೆಯುತ್ತಿದ್ದಳು, ಮೇಲಿನ ಸಾಲಿನ ಗೀಚು ಅವಳದು. ಈಗ ಉಮೈಮಾ ಮೇಲಿನಿಂದ ಇಳಿದು ಬಂದಳು. ಇನಾಯಾಳನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ತಾಹಿರಾ